ಮನೆಯ ಅಕ್ವೇರಿಯಂಗೆ ಯಾವ ಫಿಲ್ಟರ್? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡಡಿಯಿಂದ ಐದಡಿವರೆಗಿನ ಸಿಹಿನೀರಿನ ತೊಟ್ಟಿ ಇಟ್ಟುಕೊಂಡವರಿಗೆ, ಇಡಲು ಹೊರಟವರಿಗೆ ಬರೆದದ್ದು ಇದು. ಸಮುದ್ರದ ಮೀನು, ಹವಳಗಳ ಲೆಕ್ಕಾಚಾರವೇ ಬೇರೆ. ಅದನ್ನು ಇಲ್ಲಿ ಮುಟ್ಟಿಲ್ಲ. ಕಂಪನಿಗಳ ಹೆಸರನ್ನೂ ಹೇಳಿಲ್ಲ. ಜನ ಎಡವುವುದು ಕಂಪನಿಯ ಆಯ್ಕೆಯಲ್ಲಿ ಕಡಿಮೆ, ಫಿಲ್ಟರ್‌ನ ಬಗೆಯನ್ನು ಆರಿಸುವುದರಲ್ಲೇ ಹೆಚ್ಚು.

ಫಿಲ್ಟರ್ ಎಂದರೆ ಕೊಳೆ ಹಿಡಿಯುವ ಜರಡಿ ತಾನೇ?

ಅದು ಅದರ ಚಿಕ್ಕ ಕೆಲಸ. ಮೀನು ಕಿವಿರಿನ ಮೂಲಕ ಹಗಲಿರುಳೂ ಅಮೋನಿಯ ಬಿಡುತ್ತಿರುತ್ತದೆ. ಹಿಕ್ಕೆ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಎಲ್ಲವೂ ಕೊನೆಗೆ ಅಮೋನಿಯವೇ ಆಗುತ್ತವೆ. ನೀರಿನಲ್ಲಿ ಕರಗಿದ ಅಮೋನಿಯ ಕಣ್ಣಿಗೆ ಕಾಣುವುದಿಲ್ಲ. ತಳ ಕಾಣುವಷ್ಟು ತಿಳಿಯಾದ ನೀರಿನಲ್ಲೂ ಒಂದು ವಾರದೊಳಗೆ ಮೀನುಗಳು ಒಂದೊಂದಾಗಿ ಸಾಯುವುದು ಬಹುಮಟ್ಟಿಗೆ ಇದರಿಂದಲೇ.

ಈ ಅಮೋನಿಯದ ಮೇಲೆಯೇ ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅದನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಘಾತಕವಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ, ಗಿಡಗಳಿದ್ದರೆ ಅವೂ ಒಂದಿಷ್ಟು ಹೀರಿಕೊಳ್ಳುತ್ತವೆ. ಎರಡನೆಯ ಗುಂಪು ನೈಟ್ರೋಬ್ಯಾಕ್ಟರ್ ಎಂದು ಹಳೆಯ ಕೈಪಿಡಿಗಳಲ್ಲಿದೆ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೋಸ್ಪೈರಾ ಎಂಬುದು 1990ರ ದಶಕದ ಕೊನೆಯಲ್ಲಿ ಗೊತ್ತಾಯಿತು.

ಇವು ನೀರಿನಲ್ಲಿ ತೇಲಿಕೊಂಡಿರುವುದು ತೀರಾ ಕಡಿಮೆ. ಅಂಟಿಕೊಳ್ಳಲು ಮೇಲ್ಮೈ ಸಿಕ್ಕಬೇಕು, ಅದರ ಮೇಲೆ ಆಮ್ಲಜನಕವಿರುವ ನೀರು ಹರಿಯುತ್ತಿರಬೇಕು, ಅಲ್ಲಿ ನೆಲೆಸುತ್ತವೆ. ಅಂದರೆ ನೀವು ದುಡ್ಡು ಕೊಟ್ಟು ತರುತ್ತಿರುವುದು ಬ್ಯಾಕ್ಟೀರಿಯಾಗಳಿಗೆ ಒಂದು ಮನೆ. ಮೋಟಾರು ಆ ಮನೆಗೆ ಊಟ, ಗಾಳಿ ತಲುಪಿಸುವ ಆಳು, ಅಷ್ಟೇ. ಮುಂದಿನ ಬಹುಪಾಲು ಉತ್ತರಗಳು ಇದರಿಂದಲೇ ಹೊರಡುತ್ತವೆ.

ಫಿಲ್ಟರ್ ಇಲ್ಲದೆ ಆಗುವುದೇ ಇಲ್ಲವೇ? ಊರ ಬಾವಿಯಲ್ಲಿ ಮೀನು ಬದುಕಿರುತ್ತದಲ್ಲ?

ಬಾವಿಯಲ್ಲಿ ಸಾವಿರಾರು ಲೀಟರ್ ನೀರಿಗೆ ನಾಲ್ಕಾರು ಮೀನು. ಆ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ನಿಮ್ಮ ತೊಟ್ಟಿಯ ಪಾಲಿಗೆ ಒಂದು ಮೀನೂ ಬರುವುದಿಲ್ಲ. ದಟ್ಟವಾಗಿ ಗಿಡ ಬೆಳೆಸಿದ ತೊಟ್ಟಿಯಲ್ಲಿ ಬೆರಳೆಣಿಕೆಯ ಗಪ್ಪಿಗಳನ್ನು ಫಿಲ್ಟರ್ ಇಲ್ಲದೆ ಸಾಕುವವರಿದ್ದಾರೆ. ಅದು ಪಳಗಿದವರ ಕೆಲಸ. ದುಂಡು ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಬಿಡುವುದಂತೂ ಯಾರೂ ಮಾಡಬಾರದ ಕೆಲಸ.

ಅಂಗಡಿಗೆ ಹೋಗುವ ಮೊದಲು ಏನನ್ನು ತೀರ್ಮಾನಿಸಿಕೊಂಡಿರಬೇಕು?

ಯಾವ ಮೀನು, ಎಷ್ಟು ಲೀಟರ್, ಮನೆಗೆ ಬರುವ ನೀರು ಎಂಥದು, ಕರೆಂಟು ಎಷ್ಟು ಹೊತ್ತು ಹೋಗುತ್ತದೆ. ಇದೇ ಕ್ರಮದಲ್ಲಿ. ಹೆಚ್ಚಿನವರು ತೊಟ್ಟಿ, ಅಂಗಡಿಯವರು ಕೈಗಿತ್ತ ಫಿಲ್ಟರ್, ಬಣ್ಣದ ಕಲ್ಲು, ಮೀನು ಎಲ್ಲವನ್ನೂ ಒಂದೇ ಆಟೋದಲ್ಲಿ ಮನೆಗೆ ತರುತ್ತಾರೆ. ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಕಡೆಯ ಅಂಗಡಿಗಳಿಗೆ ಭಾನುವಾರ ಹೋಗಿ ನೋಡಿದರೆ ಈ ದೃಶ್ಯ ಸಾಮಾನ್ಯ. ಮೀನು ಕೊನೆಗೆ ಬರಬೇಕು, ಆದರೆ ಯಾವ ಮೀನು ಎಂಬ ತೀರ್ಮಾನ ಎಲ್ಲಕ್ಕಿಂತ ಮೊದಲು ಆಗಬೇಕು.

ನನ್ನ ತೊಟ್ಟಿ ಎಷ್ಟು ಲೀಟರಿನದು?

ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 57 ಲೀಟರ್. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ್ದು 190ರ ಹತ್ತಿರ. ಕಲ್ಲು, ಮರಳು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ನೂರಕ್ಕೆ ಹತ್ತು ಹದಿನೈದು ಪಾಲು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಓದಲು ಪುರುಸೊತ್ತಿಲ್ಲ. ಯಾವುದು ಕೊಳ್ಳಲಿ, ಹೇಳಿಬಿಡಿ.

ಹೇಳುತ್ತೇನೆ, ಒಂದೊಂದು ಬಗೆ ಏನೆಂಬ ವಿವರ ಮುಂದೆ ಇದೆ. ಎರಡಡಿ ತೊಟ್ಟಿ, ಸಣ್ಣ ಮೀನುಗಳಿದ್ದರೆ ಸ್ಪಂಜ್ ಫಿಲ್ಟರ್. ಮೂರಡಿಯ ಆಸುಪಾಸು, ನಾಲ್ಕಾರು ಬಗೆಯ ಮೀನುಗಳಿದ್ದರೆ ಟಾಪ್ ಫಿಲ್ಟರ್ ಅಥವಾ ಹ್ಯಾಂಗ್-ಆನ್ ಫಿಲ್ಟರ್, ಜೊತೆಗೆ ಒಂದು ಸ್ಪಂಜ್. ನಾಲ್ಕಡಿ ದಾಟಿದರೆ, ಮೀನು ದೊಡ್ಡದಾದರೆ ಕ್ಯಾನಿಸ್ಟರ್ ಅಥವಾ ಸಂಪ್. ಗೋಲ್ಡ್‌ಫಿಶ್ ಇದ್ದರೆ ತೊಟ್ಟಿಯ ಅಳತೆ ಏನೇ ಇರಲಿ, ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಿ.

ಸ್ಪಂಜ್ ಫಿಲ್ಟರ್ ಅಷ್ಟು ಅಗ್ಗ. ನಿಜವಾಗಿಯೂ ಸಾಕಾಗುತ್ತದೆಯೇ?

ಸಾಕಾಗುತ್ತದೆ. ಅಂಗಡಿಯವರು ಇದನ್ನು ಒತ್ತಾಯಿಸಿ ಮಾರುವುದಿಲ್ಲ, ಏಕೆಂದರೆ ಇದರಲ್ಲಿ ಅವರಿಗೆ ಸಿಗುವ ಲಾಭ ಕಡಿಮೆ. ಆದರೆ ಮೀನು ಮರಿ ಮಾಡಿಸುವವರ ಸಾಲು ತೊಟ್ಟಿಗಳಲ್ಲಿ ನಿಮಗೆ ಹೆಚ್ಚಾಗಿ ಕಾಣುವುದು ಇದೇ.

ಕೆಲಸ ಸರಳ. ಏರ್ ಪಂಪಿನ ಗಾಳಿ ಕೊಳವೆಯ ಬುಡಕ್ಕೆ ಹೋಗುತ್ತದೆ. ಗುಳ್ಳೆಗಳು ಮೇಲೇರುವಾಗ ಕೊಳವೆಯೊಳಗಿನ ನೀರನ್ನೂ ಎತ್ತಿಕೊಂಡು ಹೋಗುತ್ತವೆ. ಆ ಖಾಲಿ ತುಂಬಲು ಸ್ಪಂಜಿನ ಸುತ್ತಲಿನ ನೀರು ಅದರ ರಂಧ್ರಗಳ ಮೂಲಕ ಒಳನುಗ್ಗುತ್ತದೆ. ಕಸ ಸ್ಪಂಜಿನ ಹೊರಮೈಯಲ್ಲಿ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಅದರ ಒಳಗೆಲ್ಲ ಬೆಳೆಯುತ್ತದೆ. ನೀರಿನೊಳಗೆ ತಿರುಗುವ ಭಾಗವಿಲ್ಲ, ಕರೆಂಟಿನ ತಂತಿಯಿಲ್ಲ. ನಿನ್ನೆ ಹುಟ್ಟಿದ ಗಪ್ಪಿ ಮರಿಯನ್ನೂ ಎಳೆದುಕೊಳ್ಳುವುದಿಲ್ಲ. ಮರಿಗಳು ಸ್ಪಂಜಿನ ಮೇಲೆ ಕುಳಿತ ಸೂಕ್ಷ್ಮಜೀವಿಗಳನ್ನು ಕುಕ್ಕಿ ತಿನ್ನುತ್ತಿರುತ್ತವೆ.

ಕೊಳ್ಳುವಾಗ ಎರಡು ವಿಷಯ ಗಮನಿಸಿ. ಒಂದು ದೊಡ್ಡ ಸ್ಪಂಜಿಗಿಂತ ಎರಡು ಚಿಕ್ಕವು ಮೇಲು: ಈ ತಿಂಗಳು ಒಂದನ್ನು ತೊಳೆದರೆ ಮುಂದಿನ ತಿಂಗಳು ಇನ್ನೊಂದನ್ನು ತೊಳೆಯಬಹುದು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಆಗದಿದ್ದರೆ ಗಾಳಿಯ ಕೊಳವೆಗೆ ಒಮ್ಮುಖ ವಾಲ್ವ್ ಹಾಕಿ. ಇಲ್ಲವಾದರೆ ಕರೆಂಟು ಹೋದಾಗ ತೊಟ್ಟಿಯ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಪಂಪಿನೊಳಗೆ ಸೇರುತ್ತದೆ, ಆಮೇಲೆ ನೆಲಕ್ಕೆ. ವಾಲ್ವ್ ಕೆಲವು ರೂಪಾಯಿಗಳ ಮಾತು.

ಕುಂದೂ ಇದೆ. ತೊಟ್ಟಿಯೊಳಗೆ ಜಾಗ ತಿನ್ನುತ್ತದೆ, ನೋಡಲು ಅಂಥ ಚೆಂದವಿಲ್ಲ, ತೀರಾ ನಯವಾದ ಧೂಳಿನಂಥ ಕಣಗಳನ್ನು ಹಿಡಿಯುವುದಿಲ್ಲ.

ಗಾಜಿಗೆ ಅಂಟಿಸುವ, ಮುಳುಗಿರುವ ಸಣ್ಣ ಕಪ್ಪು ಫಿಲ್ಟರ್?

ನೀರನ್ನು ಜೋರಾಗಿ ತಿರುಗಿಸುತ್ತದೆ, ಆದರೆ ಅದರೊಳಗಿರುವ ಸ್ಪಂಜ್ ಬೆಂಕಿಪೆಟ್ಟಿಗೆಯಷ್ಟು. ಬ್ಯಾಕ್ಟೀರಿಯಾಗೆ ಜಾಗವೇ ಇಲ್ಲ. ಹೊಸಬರಿಗೆ ಅತಿ ಹೆಚ್ಚು ಮಾರಾಟವಾಗುವುದು ಇದೇ ಎಂಬುದು ಬೇಸರದ ಸಂಗತಿ. ನೀರಿನ ಚಲನೆಗೆ ಎರಡನೆಯ ಸಾಧನವಾಗಿ ಇರಲಿ, ಇದೊಂದನ್ನೇ ನೆಚ್ಚಬೇಡಿ.

ಹ್ಯಾಂಗ್-ಆನ್, ಟಾಪ್ ಫಿಲ್ಟರ್ ಇವೆರಡರಲ್ಲಿ ಯಾವುದು?

ಹ್ಯಾಂಗ್-ಆನ್ ತೊಟ್ಟಿಯ ಹಿಂಬದಿಯ ಗಾಜಿಗೆ ತೂಗುಹಾಕುವ ಪೆಟ್ಟಿಗೆ. ನೀರನ್ನು ಎಳೆದು, ಪದರಗಳ ಮೂಲಕ ಹಾಯಿಸಿ, ಚಿಕ್ಕ ಜಲಪಾತದಂತೆ ಮತ್ತೆ ತೊಟ್ಟಿಗೆ ಬೀಳಿಸುತ್ತದೆ. ತೆರೆದು ತೊಳೆಯುವುದು ಸುಲಭ. ಇದರೊಂದಿಗೆ ಬರುವ ಇದ್ದಿಲಿನ ಕಾರ್ಟ್ರಿಜನ್ನು ‘ತಿಂಗಳಿಗೊಮ್ಮೆ ಎಸೆದು ಹೊಸದು ಹಾಕಿ’ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಹಾಗೆ ಮಾಡಿದರೆ ತಿಂಗಳಿಡೀ ಬೆಳೆದ ಬ್ಯಾಕ್ಟೀರಿಯಾವನ್ನು ಕಸದ ಬುಟ್ಟಿಗೆ ಹಾಕಿದಂತೆಯೇ. ಕಾರ್ಟ್ರಿಜ್ ಬದಿಗಿಟ್ಟು ಅದೇ ಜಾಗದಲ್ಲಿ ಕತ್ತರಿಸಿದ ಒರಟು ಸ್ಪಂಜು, ಉಳಿದ ಜಾಗದಲ್ಲಿ ಸೆರಾಮಿಕ್ ಉಂಗುರ ತುಂಬಿ. ಕಾರ್ಟ್ರಿಜ್ ಮಾರುವವರಿಗೆ ಇದು ಇಷ್ಟವಾಗದು.

ಟಾಪ್ ಫಿಲ್ಟರ್ ತೊಟ್ಟಿಯ ಮೇಲೆ ಕೂರುವ ಉದ್ದನೆಯ ಟ್ರೇ. ಒಳಗಿನ ಪಂಪು ನೀರನ್ನು ಮೇಲೆತ್ತಿ ಟ್ರೇಗೆ ಸುರಿಯುತ್ತದೆ. ವುಲ್ (ಹತ್ತಿಯಂತೆ ಕಾಣುವ ಕೃತಕ ನಾರು), ಸ್ಪಂಜು, ಉಂಗುರಗಳ ಮೂಲಕ ಇಳಿದು ನೀರು ಮತ್ತೆ ತೊಟ್ಟಿಗೆ ಬೀಳುತ್ತದೆ. ನಮ್ಮಲ್ಲಿ ಮುಚ್ಚಳದೊಂದಿಗೆ ಬರುವ ಸಿದ್ಧ ತೊಟ್ಟಿಗಳಲ್ಲಿ ಇದು ಮಾಮೂಲು. ನೀರು ಗಾಳಿಯೊಂದಿಗೆ ಚೆನ್ನಾಗಿ ಬೆರೆಯುವುದು ಇದರ ದೊಡ್ಡ ಗುಣ. ಕರೆಂಟು ಹೋದಾಗ ಟ್ರೇಯ ನೀರು ಇಳಿದುಹೋಗಿ ಸ್ಪಂಜು, ಉಂಗುರಗಳು ಒದ್ದೆಯಾಗಿ, ಗಾಳಿಗೆ ತೆರೆದು ಉಳಿಯುತ್ತವೆ. ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುವುದಿಲ್ಲ. ಆಗಾಗ ಕರೆಂಟು ಹೋಗುವ ಊರಿನಲ್ಲಿ ನಾನು ಹ್ಯಾಂಗ್-ಆನ್ ಬಿಟ್ಟು ಇದನ್ನೇ ಆರಿಸುತ್ತೇನೆ. ಸದ್ದು ಸ್ವಲ್ಪ ಹೆಚ್ಚು, ನೀರು ಆವಿಯಾಗುವುದೂ ಹೆಚ್ಚು. ಮೇಲಿನ ವುಲ್ ಕಟ್ಟಿಕೊಂಡರೆ ನೀರು ಪದರಗಳಿಗೆ ಇಳಿಯದೆ ಅಂಚಿನಿಂದಲೇ ಹರಿದುಹೋಗುತ್ತದೆ. ವಾರಕ್ಕೊಮ್ಮೆ ಕಣ್ಣು ಹಾಯಿಸಿ.

ಕ್ಯಾನಿಸ್ಟರ್‌ಗೆ ಹಣ ಹಾಕುವುದು ಯಾವಾಗ ಸರಿ?

ತೊಟ್ಟಿ ನಾಲ್ಕಡಿ ದಾಟಿದಾಗ, ಅಥವಾ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡುತ್ತಿರುವಾಗ. ಜಲಪಾತದಂತೆ ನೀರು ಸುರಿಯುವ ಫಿಲ್ಟರ್‌ಗಳು ಆ ಅನಿಲವನ್ನು ಬೇಗ ಹಾರಿಸಿಬಿಡುತ್ತವೆ. ಕ್ಯಾನಿಸ್ಟರ್ ನೀರಿನ ಮೇಲ್ಮೈಯನ್ನು ಅಷ್ಟಾಗಿ ಕದಡುವುದಿಲ್ಲ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರುವ ಮುಚ್ಚಿದ ಡಬ್ಬಿ ಇದು; ಸದ್ದಿಲ್ಲ, ಒಳಗೆ ಜಾಗ ಬೇಕಾದಷ್ಟು. ಬೆಲೆ ಸಾವಿರಗಳಲ್ಲಿ. ಮುಚ್ಚಳದ ರಬ್ಬರ್ ಉಂಗುರಕ್ಕೆ ಕೂದಲೋ ಮರಳಿನ ಕಣವೋ ಸಿಕ್ಕಿಕೊಂಡರೆ ರಾತ್ರಿಯಿಡೀ ಹನಿಹನಿಯಾಗಿ ಸೋರಿ ಕಪಾಟಿನ ಪ್ಲೈವುಡ್ ಉಬ್ಬುತ್ತದೆ. ಪ್ರತಿ ಸಲ ತೆರೆದಾಗ ಆ ಉಂಗುರವನ್ನು ಬೆರಳಿನಿಂದ ಸವರಿ ನೋಡಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ, ಮೊದಲ ದಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ. ಕಾಗದ ಒಣಗಿದ್ದರೆ ನಿಶ್ಚಿಂತೆ.

ಸಂಪ್?

ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ. ಮೇಲಿನ ನೀರು ಕೆಳಗಿಳಿದು, ಶುದ್ಧವಾಗಿ, ಪಂಪಿನ ಮೂಲಕ ಮೇಲೇರುತ್ತದೆ. ಅರೋವಾನ, ಆಸ್ಕರ್‌ನಂಥ ಹೆಮ್ಮೀನು ಸಾಕುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕರೆಂಟು ಹೋದಾಗ ಮೇಲಿನಿಂದ ಒಂದಿಷ್ಟು ನೀರು ಇಳಿದೇ ಇಳಿಯುತ್ತದೆ. ಅಷ್ಟನ್ನು ಹಿಡಿಯುವ ಖಾಲಿ ಜಾಗ ಸಂಪಿನಲ್ಲಿ ಇರಲೇಬೇಕು. ಕಟ್ಟಿಸಿದ ದಿನವೇ ಪ್ಲಗ್ ಕಿತ್ತು ಪರೀಕ್ಷಿಸಿ.

ಕಲ್ಲಿನಡಿ ಹಾಸುವ ತೂತಿನ ತಟ್ಟೆ, ಅಂಡರ್‌ಗ್ರಾವೆಲ್ ಫಿಲ್ಟರ್?

ಒಂದು ಕಾಲದಲ್ಲಿ ಎಲ್ಲ ಮನೆಯಲ್ಲೂ ಅದೇ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ವರ್ಷಗಳು ಕಳೆದಂತೆ ತಟ್ಟೆಯಡಿ ಕೆಸರು ತುಂಬುತ್ತದೆ. ತೆಗೆಯಬೇಕೆಂದರೆ ಇಡೀ ತೊಟ್ಟಿ ಬಗ್ಗಿಸಬೇಕು. ಇಂದು ಹೊಸದಾಗಿ ಹಾಕಿಸಲು ಕಾರಣ ಕಾಣುವುದಿಲ್ಲ.

ಡಬ್ಬಿಯ ಮೇಲೆ ‘ಗಂಟೆಗೆ 500 ಲೀಟರ್’ ಎಂದಿದೆ. ನಂಬಬಹುದೇ?

ಅದು ಸ್ಪಂಜು, ಉಂಗುರ ಯಾವುದೂ ಇಲ್ಲದೆ ಬರಿಯ ಪಂಪು ಎತ್ತುವ ಲೆಕ್ಕ. ಪಕ್ಕದಲ್ಲೇ ‘ಎಚ್ ಮ್ಯಾಕ್ಸ್’ ಎಂಬ ಅಂಕಿ ಇರುತ್ತದೆ. ಪಂಪು ಅಷ್ಟು ಎತ್ತರಕ್ಕೆ ನೀರೆತ್ತುತ್ತದೆ ಎಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಆ ಎತ್ತರದಲ್ಲಿ ಹರಿವು ಸೊನ್ನೆ. ಅದರ ಅರ್ಧ ಎತ್ತರದಲ್ಲಿ ಹರಿವೂ ಹೆಚ್ಚುಕಡಿಮೆ ಅರ್ಧಕ್ಕಿಳಿದಿರುತ್ತದೆ.

ನಿಜವಾದ ಅಂಕಿ ಬೇಕೆಂದರೆ ಅಳೆಯಿರಿ. ಎಲ್ಲ ತುಂಬಿಸಿ ಫಿಲ್ಟರ್ ಓಡಿಸಿ. ನೀರು ಬೀಳುವಲ್ಲಿ ಒಂದು ಲೀಟರಿನ ಪಾತ್ರೆ ಹಿಡಿದು, ಮೊಬೈಲಿನ ಗಡಿಯಾರದಲ್ಲಿ ಸೆಕೆಂಡು ಎಣಿಸಿ. 12 ಸೆಕೆಂಡಿಗೆ ತುಂಬಿದರೆ 3600ನ್ನು 12ರಿಂದ ಭಾಗಿಸಿ: ಗಂಟೆಗೆ 300 ಲೀಟರ್. ಸಾಮಾನ್ಯ ಮಿಶ್ರ ತೊಟ್ಟಿಗೆ ಗಂಟೆಗೆ ನಾಲ್ಕರಿಂದ ಆರು ಪಟ್ಟು ನೀರು ಫಿಲ್ಟರ್ ಮೂಲಕ ಹಾದುಹೋದರೆ ಸಾಕು. 50 ಲೀಟರಿನ ತೊಟ್ಟಿಗೆ ಈ 300 ಧಾರಾಳ. ಸ್ಪಂಜ್ ಫಿಲ್ಟರ್‌ಗೆ ಈ ಪಟ್ಟಿನ ಲೆಕ್ಕ ಹಿಡಿಯಬೇಡಿ. ಹರಿವು ನಿಧಾನವಾದರೂ ಮೇಲ್ಮೈ ದೊಡ್ಡದು. ಹಾಗೆ ನೋಡಿದರೆ ಎಲ್ಲ ಫಿಲ್ಟರ್‌ಗಳಲ್ಲೂ ವೇಗಕ್ಕಿಂತ ಒಳಗಿನ ಜಾಗವೇ ಮುಖ್ಯ, ಆದರೆ ಜಾಗವನ್ನು ಯಾರೂ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವುದಿಲ್ಲ.

ಮೀನಿಗೆ ತಕ್ಕಂತೆ ಫಿಲ್ಟರ್ ಬದಲಾಗುತ್ತದೆಯೇ?

ಬದಲಾಗಲೇಬೇಕು. ಗೋಲ್ಡ್‌ಫಿಶ್‌ಗೆ ನಿಜವಾದ ಜಠರವಿಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ತಿನ್ನುತ್ತಲೇ ಇರುತ್ತದೆ, ಹೊರಹಾಕುತ್ತಲೇ ಇರುತ್ತದೆ. ಅದೇ ಗಾತ್ರದ ಬೇರೆ ಮೀನಿಗೆ ಸಾಕಾಗುವ ಫಿಲ್ಟರ್ ಅದಕ್ಕೆ ಸಾಲದು.

ಫೈಟರ್ ಮೀನಿನದು ಇನ್ನೊಂದು ತುದಿ. ಉದ್ದ ರೆಕ್ಕೆಗಳನ್ನು ಹೊತ್ತುಕೊಂಡು ಅದು ಹರಿವಿನ ಎದುರು ಈಜಲಾರದು. ಮೇಲಕ್ಕೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು ಎಂಬ ಕಾರಣಕ್ಕೆ ಅದನ್ನು ಬಾಟಲಿಯಲ್ಲಿಟ್ಟು ಮಾರುತ್ತಾರೆ. ಗಾಳಿ ನುಂಗಿದರೆ ಅಮೋನಿಯ ಕರಗಿಹೋಗುವುದಿಲ್ಲ. ಹದಿನೈದು ಇಪ್ಪತ್ತು ಲೀಟರಿನ ತೊಟ್ಟಿಯಲ್ಲಿ, ಗಾಳಿಯ ನಲ್ಲಿಯನ್ನು ಅರ್ಧ ಮುಚ್ಚಿದ ಸಣ್ಣ ಸ್ಪಂಜ್ ಫಿಲ್ಟರ್ ಇಟ್ಟರೆ ಅದರ ಬಣ್ಣವೇ ಬೇರೆ.

ಗಪ್ಪಿ, ಮೋಲಿಗಳು ಮರಿ ಹಾಕುತ್ತಲೇ ಇರುತ್ತವೆ. ಹ್ಯಾಂಗ್-ಆನ್ ಇದ್ದರೆ ಅದರ ಹೀರುವ ಕೊಳವೆಯ ಬಾಯಿಗೆ ಸ್ಪಂಜಿನ ಟೋಪಿ ಹಾಕಿ.

‘ಮಿಸ್ ಕೇರಳ’ ಎಂದು ಮಾರುವ ಕೆಂಪು ಪಟ್ಟೆಯ ಡೆನಿಸನ್ ಬಾರ್ಬ್ ಕೇರಳದಿಂದ ನಮ್ಮ ದಕ್ಷಿಣದ ಜಿಲ್ಲೆಗಳವರೆಗಿನ ಪಶ್ಚಿಮಘಟ್ಟದ ಹೊಳೆಗಳ ಮೀನು. ಹರಿಯುವ, ಆಮ್ಲಜನಕ ತುಂಬಿದ ನೀರು ಅದಕ್ಕೆ ಬೇಕು; ಗುಂಪಿನಲ್ಲಿ ಇರಬೇಕು; ನಾಲ್ಕಡಿಗಿಂತ ಕಡಿಮೆ ಉದ್ದದ ತೊಟ್ಟಿ ಅದಕ್ಕೆ ಸಲ್ಲ. ಇದಕ್ಕೆ ಜೋರು ಹರಿವಿನ ಕ್ಯಾನಿಸ್ಟರ್ ಸರಿಹೊಂದುತ್ತದೆ. ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿರುವ ಮೀನಿದು. ಹೊಳೆಯಿಂದ ಹಿಡಿದು ತಂದದ್ದೋ ಸಾಕಣೆಯಲ್ಲಿ ಹುಟ್ಟಿದ್ದೋ ಎಂದು ಕೇಳದೆ ಕೊಳ್ಳಬೇಡಿ.

ನಮ್ಮೂರಿನಲ್ಲಿ ದಿನವೂ ಕರೆಂಟು ಹೋಗುತ್ತದೆ. ಏನು ಮಾಡಲಿ?

ಮೊದಲ ಪೆಟ್ಟು ಬೀಳುವುದು ಆಮ್ಲಜನಕಕ್ಕೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಕರಗುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಎಂಟು ಮಿಲಿಗ್ರಾಂ ಚಿಲ್ಲರೆ ಹಿಡಿಯುವ ನೀರು 35 ಡಿಗ್ರಿಯಲ್ಲಿ ಹಿಡಿಯುವುದು ಏಳರಷ್ಟು. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ, ಮೀನು ಕಿಕ್ಕಿರಿದ ತೊಟ್ಟಿ, ಎರಡು ಗಂಟೆ ಕರೆಂಟಿಲ್ಲ ಎಂದರೆ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಏರ್ ಪಂಪನ್ನು ಅದರ ಸಾಲಿಗೆ ಸೇರಿಸಿ. ನಾಲ್ಕೈದು ವಾಟ್ ಅದಕ್ಕೆ ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಬ್ಯಾಟರಿಯಿಂದ ನಡೆಯುವ, ಅಥವಾ ಮೊಬೈಲಿನ ಪವರ್‌ಬ್ಯಾಂಕಿಗೆ ಚುಚ್ಚುವ ಪುಟ್ಟ ಏರ್ ಪಂಪುಗಳು ಸಿಗುತ್ತವೆ. ಸ್ಪಂಜ್ ಫಿಲ್ಟರ್ ಇದ್ದವರು ಗಾಳಿಯ ಕೊಳವೆಯನ್ನು ಅದಕ್ಕೆ ಬದಲಿಸಿಕೊಂಡರಾಯಿತು, ಫಿಲ್ಟರ್ ನಿಲ್ಲುವುದೇ ಇಲ್ಲ. ಏನೂ ಇಲ್ಲದಿದ್ದರೆ ಚೊಂಬಿನಲ್ಲಿ ತೊಟ್ಟಿಯ ನೀರನ್ನು ಎತ್ತಿ ಎತ್ತಿ ಸುರಿಯಿರಿ. ಅಷ್ಟು ಹೊತ್ತು ಆಹಾರ ಹಾಕಬೇಡಿ.

ಕ್ಯಾನಿಸ್ಟರ್ ಇದ್ದವರಿಗೆ ವಿಶೇಷ ಎಚ್ಚರಿಕೆ. ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕವನ್ನು ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಮುಗಿಸಿ, ತಾನೂ ಸಾಯತೊಡಗುತ್ತದೆ. ಕರೆಂಟು ಬಂದೊಡನೆ ಆ ಹಳಸಿದ ನೀರು ಸೀದಾ ತೊಟ್ಟಿಗೆ ಬರುತ್ತದೆ. ಮೂರು ನಾಲ್ಕು ಗಂಟೆ ಮೀರಿದ್ದರೆ ಡಬ್ಬಿ ತೆರೆದು ನೀರು ಚೆಲ್ಲಿ, ಒಳಗಿನದನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಚಾಲೂ ಮಾಡಿ. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೋಚಿಸಬೇಕಾದ್ದೇ ಇಲ್ಲ.

ಕೆಲವು ಹ್ಯಾಂಗ್-ಆನ್‌ಗಳು ಕರೆಂಟು ಬಂದಾಗ ತಾವಾಗಿ ನೀರೆತ್ತದೆ ಒಣಗಿದ ಮೋಟಾರನ್ನೇ ತಿರುಗಿಸುತ್ತವೆ. ಪಂಪು ನೀರಿನೊಳಗೆ ಮುಳುಗಿರುವ ಮಾದರಿಗೆ ಈ ತೊಂದರೆಯಿಲ್ಲ.

ಕರೆಂಟು ಬಿಲ್ ಎಷ್ಟು ಏರುತ್ತದೆ?

5 ವಾಟ್ ಏರ್ ಪಂಪು ತಿಂಗಳಿಡೀ ಓಡಿದರೆ 3.6 ಯೂನಿಟ್. 20 ವಾಟ್ ಕ್ಯಾನಿಸ್ಟರ್ 14.4 ಯೂನಿಟ್. ಬಿಲ್ ಏರಿಸುವುದು ಫಿಲ್ಟರ್ ಅಲ್ಲ, ಚಳಿಗಾಲದ ಹೀಟರ್.

ರಾತ್ರಿ ಆಫ್ ಮಾಡಬಹುದೇ?

ಬೇಡ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಫಿಲ್ಟರ್ ಹೆಚ್ಚು ಬೇಕಾಗುವುದು ಆಗಲೇ.

ಕಾವೇರಿ ನೀರು, ಕೊಳವೆಬಾವಿ ನೀರು, ಕರಾವಳಿಯ ಬಾವಿ ನೀರು: ಫಿಲ್ಟರ್‌ಗೂ ಇದಕ್ಕೂ ಸಂಬಂಧವೇನು?

ಬಹಳ ಸಂಬಂಧವಿದೆ, ಆದರೆ ಅಂಗಡಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ನಲ್ಲಿಗೆ ಬರುವ ನೀರಿಗೆ ಕ್ಲೋರಿನ್ ಸೇರಿಸಿರುತ್ತಾರೆ. ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ನಿಮ್ಮ ಫಿಲ್ಟರ್‌ನದು ಒಳ್ಳೆಯ ಬ್ಯಾಕ್ಟೀರಿಯಾ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೈನ್ (ಕ್ಲೋರಿನ್, ಅಮೋನಿಯ ಸೇರಿದ ಸಂಯುಕ್ತ) ಇದ್ದರೆ ಹೋಗದು. ಆತುರವಿದ್ದಾಗ ಸೋಡಿಯಂ ಥಯೋಸಲ್ಫೇಟ್ ಬಳಸಿ. ಅಂಗಡಿಯಲ್ಲಿ ಹೈಪೊ ಎಂದೋ ಆ್ಯಂಟಿ-ಕ್ಲೋರಿನ್ ಎಂದೋ ಕೇಳಿದರೆ ಕೊಡುತ್ತಾರೆ.

ಬಯಲುಸೀಮೆಯ ಕೊಳವೆಬಾವಿ ನೀರು, ಅದನ್ನೇ ತುಂಬಿಕೊಂಡು ಬರುವ ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು, ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂಬುದರ ಅಳತೆ, 7 ನಡುಮಟ್ಟ) ಹೆಚ್ಚು. ನೀರಿನಲ್ಲಿನ ಅಮೋನಿಯ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಒಂದು ಮಾತ್ರ ತೀವ್ರ ವಿಷ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಆ ವಿಷರೂಪ ನೂರಕ್ಕೆ ಅರ್ಧ ಪಾಲಿನಷ್ಟು. ಪಿಎಚ್ 8 ಆದರೆ ಐದು ಪಾಲಿಗೂ ಮೇಲೆ. ಒಂದೇ ಪ್ರಮಾಣದ ಅಮೋನಿಯ ಇಲ್ಲಿ ಹೆಚ್ಚುಕಡಿಮೆ ಹತ್ತುಪಟ್ಟು ಅಪಾಯಕಾರಿ. ಹಾಗಾಗಿ ಈ ಭಾಗದವರು ಫಿಲ್ಟರ್ ವಿಚಾರದಲ್ಲಿ ಜುಗ್ಗತನ ಮಾಡಬಾರದು.

ದಕ್ಷಿಣ ಕನ್ನಡ, ಉಡುಪಿಯ ಮುರಕಲ್ಲಿನ ನೆಲದ ಬಾವಿಗಳದು ತದ್ವಿರುದ್ಧ: ನೀರು ಮೆದು, ಪಿಎಚ್ ಏಳಕ್ಕಿಂತ ಕೆಳಗೆ. ವಿಷದ ಭಯ ಕಡಿಮೆ. ಆದರೆ ಅಮೋನಿಯವನ್ನು ಬದಲಿಸುವ ಬ್ಯಾಕ್ಟೀರಿಯಾ ತನ್ನ ಕೆಲಸಕ್ಕೆ ನೀರಿನ ಕ್ಷಾರಗುಣವನ್ನು ಬಳಸಿಕೊಳ್ಳುತ್ತಾ ಹೋಗುತ್ತದೆ. ಮೊದಲೇ ಕಡಿಮೆ ಇದ್ದದ್ದು ಮುಗಿದಾಗ ಪಿಎಚ್ ಕುಸಿದು, ಬ್ಯಾಕ್ಟೀರಿಯಾ ಕೈಚೆಲ್ಲುತ್ತದೆ. ‘ಎಲ್ಲ ಸರಿಯಿತ್ತು, ಇದ್ದಕ್ಕಿದ್ದಂತೆ ಮೀನು ಸತ್ತವು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದು. ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪು ಆ ಊರುಗಳಲ್ಲಿ ಪುಕ್ಕಟೆ. ಚೆನ್ನಾಗಿ ತಿಕ್ಕಿ, ಕುದಿಸಿ, ಒಣಗಿಸಿ, ಒಂದು ಹಿಡಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್‌ನೊಳಗೆ ಇಡಿ. ಅದು ನಿಧಾನವಾಗಿ ಕರಗಿ ಪಿಎಚ್ ಬೀಳದಂತೆ ತಡೆಯುತ್ತದೆ.

ಆರ್‌ಒ ನೀರನ್ನು ಮಾತ್ರವೇ ತುಂಬಿದರೂ ಇದೇ ಕುಸಿತ.

ಫಿಲ್ಟರ್‌ನೊಳಗೆ ಏನೇನು ತುಂಬಬೇಕು?

ನೀರು ಮೊದಲು ಒರಟು ಸ್ಪಂಜನ್ನು, ಆಮೇಲೆ ನಯವಾದ ಫಿಲ್ಟರ್ ವುಲ್ಲನ್ನು, ಕೊನೆಗೆ ಉಂಗುರಗಳನ್ನು ಹಾಯುವಂತೆ ಜೋಡಿಸಿ. ಕಸ ಮುಂಚೆಯೇ ನಿಂತರೆ ಉಂಗುರಗಳ ರಂಧ್ರ ಕಟ್ಟಿಕೊಳ್ಳುವುದಿಲ್ಲ. ಔಷಧಿ ಅಂಗಡಿಯ ಹತ್ತಿ ಬೇಡ, ಕೊಳೆಯುತ್ತದೆ.

ಸೆರಾಮಿಕ್ ಉಂಗುರಕ್ಕೆ ಹಣ ಸುರಿಯಲೇಬೇಕೆಂದಿಲ್ಲ. ಬಣ್ಣ ಬಳಿಯದ ಮಂಗಳೂರು ಹೆಂಚನ್ನು ಅಡಿಕೆಯಷ್ಟು ಚೂರು ಮಾಡಿ, ಬ್ರಷ್‌ನಿಂದ ಉಜ್ಜಿ, ಕುದಿಸಿ ಬಳಸಿ. ಸುಟ್ಟ ಜೇಡಿಯಲ್ಲಿ ರಂಧ್ರಗಳಿಗೇನು ಬರ. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರಿನ ಉಂಡೆಯೂ ಆಗುತ್ತದೆ: ಹೊಸದಾಗಿರಬೇಕು, ಸಾಬೂನು ಸೋಕಿರಬಾರದು.

ನೀರಿನಲ್ಲಿ ಉಳಿದ ಮೀನಿನ ಔಷಧವನ್ನೂ ಮರದ ತುಂಡು ಬಿಟ್ಟ ಕಂದು ಬಣ್ಣವನ್ನೂ ತೆಗೆಯಲು ಇದ್ದಿಲು ಒಳ್ಳೆಯದು. ಕೆಲವು ವಾರಗಳಲ್ಲಿ ಅದರ ಶಕ್ತಿ ಮುಗಿಯುತ್ತದೆ, ಸದಾ ಇರಬೇಕಾಗಿಲ್ಲ. ಔಷಧ ಹಾಕುವಾಗ ಅದನ್ನು ತೆಗೆದಿಡಿ. ಜಿಯೊಲೈಟ್ ಎಂಬ ಖನಿಜ ಅಮೋನಿಯ ಹೀರುತ್ತದೆ, ಆದರೆ ತೊಟ್ಟಿಗೆ ಉಪ್ಪು ಹಾಕಿದರೆ ಹೀರಿದ್ದನ್ನು ಮತ್ತೆ ಕಕ್ಕುತ್ತದೆ. ಉಪ್ಪು ಹಾಕುವ ಅಭ್ಯಾಸವಿರುವವರು ಅದರಿಂದ ದೂರವಿರಿ.

ಹೊಸ ಫಿಲ್ಟರ್ ಹಾಕಿದೆ. ಮೀನು ಯಾವಾಗ ಬಿಡಲಿ?

ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಅದು ಕೊಳೆತು ಅಮೋನಿಯ ಹುಟ್ಟುತ್ತದೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ನೈಟ್ರೇಟ್ ಕಾಣಿಸಿಕೊಂಡಾಗ ಮೀನು ಬಿಡಿ, ಅದೂ ಎರಡು ಮೂರು ಮಾತ್ರ.

ಅಡ್ಡದಾರಿ ಒಂದಿದೆ, ಒಳ್ಳೆಯ ಅಡ್ಡದಾರಿ. ಗೆಳೆಯರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ತೊಟ್ಟಿಯಿದ್ದರೆ ಅವರ ಫಿಲ್ಟರ್‌ನ ಒಂದು ತುಂಡು ಸ್ಪಂಜು ಕೇಳಿ ತನ್ನಿ. ಒಣಗಲು ಬಿಡದೆ, ಅದೇ ತೊಟ್ಟಿಯ ನೀರಿನೊಂದಿಗೆ ತಂದು ನಿಮ್ಮ ಫಿಲ್ಟರ್‌ಗೆ ಸೇರಿಸಿದರೆ ವಾರಗಳ ಕೆಲಸ ದಿನಗಳಿಗಿಳಿಯುತ್ತದೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಅಂಗಡಿಯ ಕಿಟಕಿಯ ಬಿಸಿಲಿನಲ್ಲಿ ಎಷ್ಟು ದಿನ ನಿಂತಿತ್ತೋ ಯಾರು ಬಲ್ಲರು. ನನ್ನ ಮತ ಬೇಡಿ ತಂದ ಸ್ಪಂಜಿಗೆ.

ಹೊಸ ತೊಟ್ಟಿಯ ನೀರು ಹಾಲು ಬೆರೆಸಿದಂತೆ ಬೆಳ್ಳಗಾಗಿದೆ. ಫಿಲ್ಟರ್ ಕೆಟ್ಟಿತೇ?

ಇಲ್ಲ. ನೀರಿನಲ್ಲಿ ತೇಲುವ ಬೇರೆ ಬಗೆಯ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿರುತ್ತದೆ. ಆಹಾರ ಕಡಿಮೆ ಮಾಡಿ, ಕೆಲವು ದಿನ ಸುಮ್ಮನಿರಿ. ನೀರು ಹಸಿರಾಗಿದ್ದರೆ ಅದು ಪಾಚಿ. ಬಿಸಿಲು, ದೀಪ ಕಡಿಮೆ ಮಾಡಿ.

ಎಷ್ಟು ದಿನಕ್ಕೊಮ್ಮೆ, ಹೇಗೆ ತೊಳೆಯಬೇಕು?

ಹರಿವು ತಗ್ಗಿದಾಗ. ಸಾಮಾನ್ಯವಾಗಿ ಸ್ಪಂಜಿಗೆ ಎರಡರಿಂದ ನಾಲ್ಕು ವಾರ, ಕ್ಯಾನಿಸ್ಟರ್‌ಗೆ ಎರಡು ಮೂರು ತಿಂಗಳು.

ನೀರು ಬದಲಿಸುವ ದಿನ ತೊಟ್ಟಿಯಿಂದ ತೆಗೆದ ನೀರು ಬಕೆಟ್ಟಿನಲ್ಲಿರುತ್ತದಲ್ಲ, ಅದರಲ್ಲೇ ತೊಳೆಯಿರಿ. ಸ್ಪಂಜನ್ನು ಎತ್ತುವಾಗ ಕೆಳಗೊಂದು ಪ್ಲಾಸ್ಟಿಕ್ ಚೀಲ ಹಿಡಿಯಿರಿ, ಇಲ್ಲವಾದರೆ ಅರ್ಧ ಕೊಳೆ ತೊಟ್ಟಿಗೇ ಮರಳುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಿ ಮೂರು ನಾಲ್ಕು ಸಲ ಹಿಂಡಿ. ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ; ಅಲ್ಲಿಗೆ ಸಾಕು. ಸ್ಪಂಜು ಇನ್ನೂ ಕಂದಾಗಿ, ಮುಟ್ಟಿದರೆ ಜಾರುವಂತಿರುತ್ತದೆ. ಇರಬೇಕು; ಆ ಲೋಳೆಯಲ್ಲೇ ಬ್ಯಾಕ್ಟೀರಿಯಾ ಇರುವುದು. ಅಂಗಡಿಯಿಂದ ತಂದ ದಿನದ ಬಣ್ಣ ಬರುವವರೆಗೆ ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವ ಅಚ್ಚುಕಟ್ಟಿನವರ ಮನೆಯಲ್ಲೇ ಹೆಚ್ಚು ಮೀನು ಸಾಯುತ್ತವೆ. ಬಕೆಟ್ಟಿನ ನೀರನ್ನು ಗುಲಾಬಿಗೋ ಕರಿಬೇವಿಗೋ ಹಾಕಿ. ಎಲ್ಲ ಪದರಗಳನ್ನೂ ಒಂದೇ ದಿನ ತೊಳೆಯಬೇಡಿ. ತೊಳೆದ ದಿನವೇ ಅರ್ಧ ತೊಟ್ಟಿ ನೀರನ್ನೂ ಬದಲಿಸಬೇಡಿ.

‘ಟ್ಯಾಂಕ್ ಕ್ಲೀನರ್’ ಸಕ್ಕರ್ ಮೀನು ಬಿಟ್ಟರೆ ಫಿಲ್ಟರ್ ಕೆಲಸ ಕಡಿಮೆಯಾಗುತ್ತದೆಯೇ?

ಹೆಚ್ಚಾಗುತ್ತದೆ. ಅದು ಗಾಜಿನ ಪಾಚಿ ಕೆರೆದು ತಿನ್ನುವುದು ನಿಜ, ತಿಂದದ್ದಕ್ಕೆ ತಕ್ಕ ಹಿಕ್ಕೆ ಹಾಕುವುದೂ ನಿಜ, ಒಂದಡಿಗೂ ಮೀರಿ ಬೆಳೆಯುವುದೂ ನಿಜ. ದೊಡ್ಡದಾದಾಗ ಕೆರೆಗೆ ಬಿಡಬೇಡಿ. ಹೀಗೆ ತಪ್ಪಿಸಿಕೊಂಡ ಈ ದಕ್ಷಿಣ ಅಮೆರಿಕದ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆ, ಹೊಳೆಗಳಲ್ಲಿ ಬೇರೂರಿ ಮೀನುಗಾರರ ಬಲೆ ಹರಿಯುತ್ತಿದೆ.

ಶಾಕ್ ಹೊಡೆಯುವ ಅಪಾಯವಿದೆಯೇ?

ಇದೆ, ಹಗುರವಾಗಿ ತೆಗೆದುಕೊಳ್ಳಬೇಡಿ. ನೀರಿಗೆ ಕೈ ಹಾಕುವ ಮುನ್ನ ಎಲ್ಲ ಪ್ಲಗ್‌ಗಳನ್ನೂ ಕೀಳಿ. ತಂತಿ ಸಾಕೆಟ್‌ಗಿಂತ ಕೆಳಕ್ಕೆ ಇಳಿಬಿದ್ದು ಮತ್ತೆ ಮೇಲೇರಿ ಸಾಕೆಟ್ ಸೇರುವಂತಿರಲಿ. ತಂತಿಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಮುಟ್ಟುವುದಿಲ್ಲ. ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮೊದಲು ಅದನ್ನು ಹಾಕಿಸಿ, ತೊಟ್ಟಿ ಆಮೇಲೆ.

ಮಲಗುವ ಕೋಣೆಯಲ್ಲಿ ಇಡುವುದಿದ್ದರೆ?

ಕ್ಯಾನಿಸ್ಟರ್ ಎಲ್ಲಕ್ಕಿಂತ ಮೌನಿ. ಏರ್ ಪಂಪಿನ ಗುಂಯ್‌ಗುಡುವಿಕೆ ಮರದ ಕಪಾಟಿನ ಮೇಲೆ ದುಪ್ಪಟ್ಟಾಗುತ್ತದೆ. ಮಡಚಿದ ಟವೆಲ್ ಮೇಲೆ ಇಟ್ಟರೆ, ಅಥವಾ ಮೊಳೆಗೆ ತೂಗುಹಾಕಿದರೆ ಬಹುಪಾಲು ಅಡಗುತ್ತದೆ.

ಸೆಕೆಂಡ್ ಹ್ಯಾಂಡ್ ಫಿಲ್ಟರ್ ಕೊಳ್ಳಬಹುದೇ?

ಸ್ಪಂಜ್ ಫಿಲ್ಟರ್, ಟಾಪ್ ಫಿಲ್ಟರ್‌ನ ಟ್ರೇ ಧಾರಾಳವಾಗಿ ಕೊಳ್ಳಿ. ಕ್ಯಾನಿಸ್ಟರ್ ಆದರೆ ಮಾರುವವರ ಮನೆಯಲ್ಲೇ ನೀರು ತುಂಬಿಸಿ ಅರ್ಧ ಗಂಟೆ ಓಡಿಸಿ ನೋಡಿ. ಒಳಗಿನ ಉಂಗುರಗಳು ಒಣಗಿದ್ದರೆ ಅವುಗಳಲ್ಲಿನ ಬ್ಯಾಕ್ಟೀರಿಯಾ ಸತ್ತಿದೆ ಎಂದೇ ತಿಳಿದು, ಕುದಿಸಿ, ಬಿಸಿಲಿಗೆ ಹಾಕಿ, ಹೊಸದರಂತೆ ಮೊದಲಿನಿಂದ ಶುರುಮಾಡಿ. ಹಿಂದಿನ ತೊಟ್ಟಿಯಲ್ಲಿ ರೋಗವಿತ್ತೋ ಇಲ್ಲವೋ ಎಂಬ ಚಿಂತೆಯೂ ತಪ್ಪುತ್ತದೆ. ಮೋಟಾರಿನ ಮುಚ್ಚಳ ತೆಗೆದು ಇಂಪೆಲ್ಲರ್ (ನೀರು ತಳ್ಳುವ ಪುಟ್ಟ ಚಕ್ರ) ಹೊರಗೆಳೆಯಿರಿ. ಅದು ತಿರುಗುವ ಸೆರಾಮಿಕ್ ಕಡ್ಡಿ ಬಿರುಕು ಬಿಟ್ಟಿದ್ದರೆ, ಆ ಮಾದರಿಯ ಕಡ್ಡಿ ಮತ್ತು ಮುಚ್ಚಳದ ರಬ್ಬರ್ ಉಂಗುರ ನಿಮ್ಮೂರಿನಲ್ಲಿ ಸಿಗುತ್ತವೆಯೇ ಎಂದು ವಿಚಾರಿಸಿಕೊಂಡ ಮೇಲೆಯೇ ಬೆಲೆಯ ಮಾತಾಡಿ.